ಮುಂದಿನ ಬೆಂಚು ಯಾರದು?

ಶುಭ ಶುಕ್ರವಾರದ ಮೂರು ತಾಸಿನ ಆರಾಧನೆ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಅಂತ ಕಾದರೆ ಬರೆಯುವುದೇ ಇಲ್ಲ, ನನ್ನ ಸ್ವಭಾವ ನಿಮಗೂ ಗೊತ್ತು. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ಹೇಳಬೇಕಾದ್ದು ಒಂದೇ ಮಾತು. ಯೇಸು ಸ್ವಾಮಿ ತಂದ ರಕ್ಷಣೆ ಎಲ್ಲ ಮನುಷ್ಯರಿಗೂ ಅಂತ ನಾವು ವರ್ಷವಿಡೀ ಸಾರುತ್ತೇವೆ. ಆ ಮಾತನ್ನು ನಾವು ನಂಬಿದ್ದೇವೋ ಇಲ್ಲವೋ ಅನ್ನುವುದು ಪ್ರಸಂಗ ಕೇಳಿದರೆ ತಿಳಿಯುವುದಿಲ್ಲ. ಬಾಗಿಲಿಗೆ ಬಂದವರನ್ನು ಎಲ್ಲಿ ಕೂರಿಸುತ್ತೇವೆ ಅನ್ನುವುದನ್ನು ನೋಡಿದರೆ ತಿಳಿಯುತ್ತದೆ. ಇವತ್ತು ನಾನು ನೋಡಿದೆ.

ನಡೆದದ್ದು ಇಷ್ಟು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮಲ್ಲಿ ಆರಾಧನೆ. ಶಿಲುಬೆಯ ಮೇಲೆ ಸ್ವಾಮಿ ಆಡಿದ ಏಳು ಮಾತುಗಳಿಗೆ ಏಳು ಪ್ರಸಂಗ, ನಡುನಡುವೆ ಹಾಡು, ಪ್ರಾರ್ಥನೆ. ಮೊದಲನೆಯ ಮಾತು ಮುಗಿದಿತ್ತು. ಹಾಡು ಶುರುವಾಗಿತ್ತು. ಪಕ್ಕದ ಬಾಗಿಲಿನಿಂದ ಒಬ್ಬ ಹೆಂಗಸು ಒಳಗೆ ಬಂದರು. ನಮ್ಮ ರಸ್ತೆ ಗುಡಿಸುವವರು. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಎರಡು ಮಾತು ಆಡಿಯೇ ಆಡುತ್ತೇವೆ. ಕೆಲಸದ ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮುಖ ತೊಳೆದುಕೊಂಡು ಬಂದಿದ್ದರು, ಕಿವಿಯ ಪಕ್ಕದ ಕೂದಲು ಇನ್ನೂ ಒದ್ದೆ ಇತ್ತು. ಮುಂದಿನಿಂದ ಎರಡನೇ ಬೆಂಚಿನಲ್ಲಿ ನಾಲ್ಕು ಜನ ಆರಾಮಾಗಿ ಕೂರುವಷ್ಟು ಜಾಗ. ಅದರ ಅಂಚಿನಲ್ಲಿ ಕೂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಒಂದು ಚರಣ ಮುಗಿಯುವಷ್ಟರಲ್ಲಿ ಸಭೆಯ ಕಮಿಟಿಯವರೊಬ್ಬರು ಬಂದು ಬಗ್ಗಿದರು. ಮೆಲ್ಲಗೇ ಹೇಳಿದರು, ನಾನು ಅದರ ಹಿಂದಿನ ಬೆಂಚಿನಲ್ಲೇ ಇದ್ದೆ, ಕೇಳಿಸಿತು. ‘ಅಮ್ಮಾ, ಇದು ಫ್ಯಾಮಿಲಿಯವರ ಸೀಟು. ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೀವಿ, ಅಲ್ಲಿ ಹೋಗಿ ಕೂತ್ಕೊಳ್ಳಿ.’

ಅವರು ತಕ್ಷಣ ಎದ್ದರು. ಯಾಕೆ ಅಂತ ಕೇಳಲಿಲ್ಲ. ಮುಖದಲ್ಲಿ ಬೇಜಾರು ಕೂಡ ಕಾಣಲಿಲ್ಲ. ಎಬ್ಬಿಸುತ್ತಾರೆ ಅಂತ ಮೊದಲೇ ಗೊತ್ತಿದ್ದವರ ಹಾಗೆ ಎದ್ದರು. ಕೋಟು ಬೆಂಚಿನ ಮೇಲೇ ಉಳಿದಿತ್ತು. ತಿರುಗಿ ಬಂದು ಅದನ್ನು ತೆಗೆದುಕೊಂಡರು. ಆಮೇಲೆ ತಾವು ಕೂತಿದ್ದ ಜಾಗವನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿ ಹೋದರು.

ಒರೆಸಿದರು ಕಣ್ರೀ. ಯಾರೂ ಒರೆಸಿ ಅಂತ ಹೇಳಿರಲಿಲ್ಲ. ದೇವರ ಆಲಯದಲ್ಲಿ, ಶುಭ ಶುಕ್ರವಾರದ ದಿನ, ತಾನು ಕೂತರೆ ಮರದ ಹಲಗೆ ಕೊಳೆಯಾಗುತ್ತದೆ ಅಂತ ಒಬ್ಬ ತಾಯಿಗೆ ಅನ್ನಿಸುವ ಹಾಗೆ ನಾವು ಮಾಡಿದೆವು.

ಹಾಡು ಮುಗಿಯಿತು. ಎರಡನೆಯ ಮಾತನ್ನು ಓದಿದರು. ಪಕ್ಕದ ಶಿಲುಬೆಯ ಮೇಲೆ ಸಾಯುತ್ತಿದ್ದ ಅಪರಾಧಿಗೆ, ಇವತ್ತೇ ನೀನು ನನ್ನ ಸಂಗಡ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುತ್ತೀಯ ಎಂದ ಮಾತು ಅದು. ಇಪ್ಪತ್ತು ನಿಮಿಷ ಅದರ ಮೇಲೆ ಪ್ರಸಂಗ ಆಯಿತು, ಚೆನ್ನಾಗಿಯೇ ಆಯಿತು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹಿಂದೆ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಆ ಎರಡನೇ ಬೆಂಚಿಗೆ ಮೂರು ಗಂಟೆಯವರೆಗೂ ಯಾವ ಫ್ಯಾಮಿಲಿಯೂ ಬರಲಿಲ್ಲ.

ಆ ಅಪರಾಧಿಯ ಕಥೆಯನ್ನು ನಾನು ಸಂಡೇ ಸ್ಕೂಲಿನಲ್ಲಿ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಅವನಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಸಭೆಯ ರಿಜಿಸ್ಟರಿನಲ್ಲಿ ಹೆಸರಿರಲಿಲ್ಲ. ಕಾಣಿಕೆ ಹಾಕಿದವನಲ್ಲ. ಮಾಡಿದ ತಪ್ಪನ್ನು ಸರಿಪಡಿಸಲು ಅವನ ಕೈಕಾಲು ಕೂಡ ಬಿಡುವಿರಲಿಲ್ಲ, ಮೊಳೆ ಹೊಡೆದಿದ್ದರು. ನನ್ನನ್ನು ನೆನಪು ಮಾಡಿಕೋ ಅಂದ, ಅಷ್ಟೇ. ಸ್ವಾಮಿ ಅವನಿಗೆ ಹಿಂದಿನ ಸಾಲು ತೋರಿಸಲಿಲ್ಲ. ನನ್ನ ಸಂಗಡ ಅಂದರು. ರಕ್ಷಣೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳುವುದು, ಯಾಕೆಂದರೆ ಇದಕ್ಕಿಂತ ಸರಳವಾದದ್ದು ನನಗೆ ಗೊತ್ತಿಲ್ಲ.

ಇನ್ನು ಬೈಬಲಿನ ಯಾಕೋಬನ ಪತ್ರ. ಎರಡನೆಯ ಅಧ್ಯಾಯ ತೆಗೆದು ನೋಡಿ, ಇವತ್ತು ನಮ್ಮ ಸಭೆಯಲ್ಲಿ ನಡೆದದ್ದನ್ನೇ ಯಾರೋ ನೋಡಿ ಬರೆದ ಹಾಗಿದೆ. ಬೆರಳಿಗೆ ಚಿನ್ನದ ಉಂಗುರ ಹಾಕಿಕೊಂಡವನು ಬಂದರೆ ಒಳ್ಳೆಯ ಜಾಗ ಕೊಡುತ್ತೀರಿ. ಕೊಳೆ ಬಟ್ಟೆಯ ಬಡವನು ಬಂದರೆ ಅಲ್ಲಿ ನಿಲ್ಲು ಅನ್ನುತ್ತೀರಿ, ಇಲ್ಲವೇ ಕಾಲ ಹತ್ತಿರ ಕೂರು ಅನ್ನುತ್ತೀರಿ. ಹಾಗೆ ಮಾಡಿದರೆ ನೀವು ಕೆಟ್ಟ ಯೋಚನೆಯ ನ್ಯಾಯಾಧಿಪತಿಗಳಾದಿರಿ ಅಂತ ನೇರವಾಗಿ ಬರೆದಿದ್ದಾನೆ. ಅಂದರೆ ಸಭೆ ಹುಟ್ಟಿ ಇನ್ನೂ ಸರಿಯಾಗಿ ಕಣ್ಣು ಬಿಡುವ ಮೊದಲೇ ಈ ರೋಗ ಶುರುವಾಗಿತ್ತು. ಆ ಕಾಲದ ಕೊರಿಂಥ ಪಟ್ಟಣದ ಸಭೆಯಲ್ಲೂ ಇದೇ. ಕರ್ತನ ಭೋಜನಕ್ಕೆ ಅಂತ ಸೇರಿದವರಲ್ಲಿ ಉಳ್ಳವರು ತಮ್ಮದನ್ನು ತಾವು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡು ನೋಡುತ್ತಿದ್ದರು. ಆ ಸಭೆ ಕಟ್ಟಿದ ಪೌಲನಿಗೆ ಎಷ್ಟು ಸಿಟ್ಟು ಬಂತೆಂದರೆ, ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂದುಬಿಟ್ಟ.

ಆರಾಧನೆ ಮುಗಿದ ಮೇಲೆ ಕಮಿಟಿಯವರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಕೊರೋನಾ ಕಾಲದಲ್ಲಿ ಮನೆಮನೆಗೆ ದಿನಸಿ ಹೊತ್ತವರು. ‘ಸಿಸ್ಟರ್, ದೊಡ್ಡ ಹಬ್ಬದ ದಿನ ಶಿಸ್ತು ಬೇಕಲ್ವಾ? ಹಳೇ ಕುಟುಂಬದವರು ಬರ್ತಾರೆ, ವಯಸ್ಸಾದವರು ಬರ್ತಾರೆ. ಯಾರು ಎಲ್ಲಿ ಬೇಕಾದ್ರೂ ಕೂತ್ರೆ ಹೇಗೆ? ಅವರನ್ನೇನು ನಾವು ಹೊರಗೆ ಕಳಿಸಲಿಲ್ವಲ್ಲ’ ಅಂದರು. ವಯಸ್ಸಾದವರಿಗೆ ಜಾಗ ಹಿಡಿಯಿರಿ, ಗಾಲಿಕುರ್ಚಿಯವರಿಗೆ ಹಿಡಿಯಿರಿ, ನಾನೇ ಬಂದು ನಿಂತು ಹಿಡಿಯುತ್ತೇನೆ. ಆದರೆ ತಡವಾಗಿ ಬಂದು ಅದೇ ಸಾಲಿನ ಆ ಕಡೆ ಕೂತ, ಇಸ್ತ್ರಿ ಅಂಗಿಯ ಇಬ್ಬರು ಹುಡುಗರನ್ನು ಯಾರೂ ಎಬ್ಬಿಸಲಿಲ್ಲ. ಅವರೂ ನಮ್ಮ ಸಭೆಯವರಲ್ಲ, ಯಾರದೋ ಮನೆಗೆ ಬಂದ ನೆಂಟರು. ಶಿಸ್ತು ಅಂದರೆ ಎಲ್ಲರಿಗೂ ಒಂದೇ ಇರಬೇಕಲ್ವಾ? ಬಟ್ಟೆ ನೋಡಿ ಬರುವ ಶಿಸ್ತಿಗೆ ಬೇರೆ ಹೆಸರಿದೆ.

ಹೊರಗೆ ಕಳಿಸಲಿಲ್ಲ ಅನ್ನುವ ಮಾತು ನನ್ನನ್ನು ಹೆಚ್ಚು ಕೆರಳಿಸಿತು. ಅದೇನೋ ನಮ್ಮ ದೊಡ್ಡತನ ಅನ್ನುವ ಹಾಗೆ. ಒಳಗೆ ಬಿಟ್ಟು ಹಿಂದೆ ಕೂರಿಸುವುದು ಹಳೆಯ ವಿದ್ಯೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 18ನೇ ಶತಮಾನದ ಕೊನೆಯಲ್ಲಿ ಇದೇ ನಡೆಯಿತು. ಸೇಂಟ್ ಜಾರ್ಜ್ ಮೆಥೊಡಿಸ್ಟ್ ಸಭೆಯಲ್ಲಿ ಕರಿಯ ವಿಶ್ವಾಸಿಗಳಿಗೆ ಬೇರೆ ಜಾಗ ಗೊತ್ತುಮಾಡಿದ್ದರು. ಅವರಲ್ಲೊಬ್ಬರಾದ ಆಬ್ಸಲಮ್ ಜೋನ್ಸ್ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದಾಗಲೇ ಅವರನ್ನು ಹಿಡಿದು ಎಬ್ಬಿಸಲು ಬಂದರು. ಪ್ರಾರ್ಥನೆ ಮುಗಿಯುವವರೆಗೆ ತಡೆಯಿರಿ ಅಂದರೂ ಕೇಳಲಿಲ್ಲ. ಜೋನ್ಸ್, ರಿಚರ್ಡ್ ಆಲೆನ್ ಮತ್ತು ಅವರ ಜನ ಎದ್ದು ಹೊರಗೆ ನಡೆದರು. ಮುಂದೆ 1816ರಲ್ಲಿ ಆಲೆನ್ ಮುಂದಾಳತ್ವದಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೊಪಲ್ ಸಭೆಯೇ ಹುಟ್ಟಿತು. ಅವರನ್ನೂ ಯಾರೂ ಗೇಟಿನಿಂದ ಆಚೆ ಹಾಕಿರಲಿಲ್ಲ. ಜಾಗ ಬದಲಿಸಿ ಅಂದದ್ದು ಅಷ್ಟೇ.

ಅಷ್ಟು ದೂರ ಯಾಕೆ, ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂಗೆ ಬನ್ನಿ. ಅಲ್ಲಿಯ ಕಥೋಲಿಕ ದೇವಾಲಯವನ್ನು 1870ರ ದಶಕದಲ್ಲಿ ಕಟ್ಟುವಾಗಲೇ ಎರಡು ಕವಲು ಮಾಡಿ ಕಟ್ಟಿದರು, ನಡುವೆ ಗೋಡೆ. ಒಂದು ಜಾತಿಯವರು ಈ ಕಡೆ, ಇನ್ನೊಂದು ಜಾತಿಯವರು ಆ ಕಡೆ, ಪೀಠ ಮಾತ್ರ ಒಂದೇ. 1910ರ ಹೊತ್ತಿಗೆ ಪಾದ್ರಿಗಳು ಗೋಡೆ ಒಡೆಸಿದಾಗ ವಿಷಯ ಮದ್ರಾಸ್ ಹೈಕೋರ್ಟಿನವರೆಗೆ ಹೋಯಿತು. ಅದಕ್ಕೂ ಮೊದಲು, 1833ರಲ್ಲಿ, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಜಾತಿಭೇದವನ್ನು ಬಿಡಲೇಬೇಕು ಅಂತ ಪತ್ರ ಬರೆದಾಗ ತಂಜಾವೂರಿನಲ್ಲಿ ಎಷ್ಟೋ ಜನ ಸಭೆಯನ್ನೇ ಬಿಟ್ಟರು. ಜಾತಿಗಿಂತ ಸಭೆಯನ್ನು ಬಿಡುವುದು ಅವರಿಗೆ ಸುಲಭ ಅನ್ನಿಸಿತು.

ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಯೇಸುವಿನ ಶಿಷ್ಯ ಪೇತ್ರನ ಕಥೆ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯ. ಪೇತ್ರ ಆಗ ಯೊಪ್ಪದಲ್ಲಿ ಸಮುದ್ರದ ಪಕ್ಕ ಚರ್ಮ ಹದ ಮಾಡುವ ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದ. ಸತ್ತ ಪ್ರಾಣಿ ಮುಟ್ಟುವ ಕೆಲಸ, ಯೆಹೂದ್ಯರ ಲೆಕ್ಕದಲ್ಲಿ ಮೈಲಿಗೆಯ ಕೆಲಸ. ನಮ್ಮ ದೇಶದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯ ಮಾಳಿಗೆಯ ಮೇಲೆ ಅವನಿಗೆ ದರ್ಶನ ಆಯಿತು. ಎಲ್ಲ ಬಗೆಯ ಪ್ರಾಣಿಗಳಿದ್ದ ದೊಡ್ಡ ಜೋಳಿಗೆ ಆಕಾಶದಿಂದ ಇಳಿಯಿತು, ತಿನ್ನು ಅನ್ನುವ ದನಿ ಕೇಳಿಸಿತು. ಮೈಲಿಗೆಯದ್ದನ್ನು ನಾನು ಮುಟ್ಟಿಲ್ಲ ಅಂದ. ದೇವರು ಶುದ್ಧ ಮಾಡಿದ್ದನ್ನು ನೀನು ಹೊಲೆ ಅನ್ನಬೇಡ ಅಂತ ಉತ್ತರ ಬಂತು. ಮೂರು ಸಲ. ಅಷ್ಟರಲ್ಲಿ ಕೈಸರೈಯದಿಂದ ಕೊರ್ನೇಲ್ಯ ಅನ್ನುವ ರೋಮನ್ ಶತಾಧಿಪತಿಯ ಆಳುಗಳು ಬಾಗಿಲಲ್ಲಿ ನಿಂತಿದ್ದರು. ಪೇತ್ರ ಅವರ ಜೊತೆ ಹೋದ. ಪರರ ಮನೆಯ ಹೊಸ್ತಿಲು ದಾಟಿದ. ದೇವರು ಪಕ್ಷಪಾತಿಯಲ್ಲ ಅಂತ ಈಗ ತಿಳಿಯಿತು ಅಂದ. ಅವನು ಮಾತಾಡುತ್ತಿದ್ದಾಗಲೇ ಆ ಮನೆಯವರ ಮೇಲೆ ಪವಿತ್ರಾತ್ಮ ಇಳಿದು ಬಂತು. ದೀಕ್ಷಾಸ್ನಾನ ಆಮೇಲೆ ಆಯಿತು.

ಅವನು ಯೆರೂಸಲೇಮಿಗೆ ವಾಪಸ್ಸು ಬಂದಾಗ ಸಭೆಯವರು ಯಾವ ವಿಷಯಕ್ಕೆ ಜಗಳ ತೆಗೆದರು ಗೊತ್ತಾ? ನೀನು ಅವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆಯಲ್ಲ ಅಂತ. ಸುವಾರ್ತೆ ಸಾರಿದ್ದಕ್ಕೆ ತಕರಾರಿಲ್ಲ. ಜೊತೆಗೆ ಕೂತು ಉಂಡದ್ದಕ್ಕೆ ತಕರಾರು.

ಮುಂದೆ ಅಂತಿಯೋಕ್ಯ ಪಟ್ಟಣದಲ್ಲಿ ಅದೇ ಪೇತ್ರ ಜಾರಿದ. ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಕಡೆಯ ಕೆಲವರು ಬಂದ ಕೂಡಲೇ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದವರೂ ಸರಿದರು, ಪೌಲನ ಜೊತೆಗಾರ, ಬಾರ್ನಬನಂಥ ಬಾರ್ನಬನೂ ಸರಿದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತಡೆದು ಕೇಳಿದ. ಏಕಾಂತದಲ್ಲಿ ಕರೆದು ಹೇಳಲಿಲ್ಲ. ಯಾಕೆಂದರೆ ತಪ್ಪು ಎಲ್ಲರ ಎದುರಿಗೇ ನಡೆದಿತ್ತು, ಯಾರನ್ನು ಬಿಟ್ಟು ಸರಿದನೋ ಅವರ ಎದುರಿಗೇ ನಡೆದಿತ್ತು. ಪೇತ್ರನ ಉಪದೇಶದಲ್ಲಿ ಒಂದಕ್ಷರ ಬದಲಾಗಿರಲಿಲ್ಲ ನೋಡಿ. ರಕ್ಷಣೆ ಎಲ್ಲರಿಗೂ ಅಂತಲೇ ಅವನು ಆಗಲೂ ಹೇಳುತ್ತಿದ್ದ. ಎಲೆಯ ಮುಂದೆ ಮಾತ್ರ ಬೇರೆ ಪಂಕ್ತಿ. ಪೌಲನ ಪ್ರಕಾರ ಅದು ಸುವಾರ್ತೆಯ ಸತ್ಯಕ್ಕೇ ಬಿದ್ದ ಏಟು.

ಅದಕ್ಕೇ ಕೆಲವು ಗೆಳೆಯರು ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಗೊತ್ತು, ಇದನ್ನು ಓದಿ ಯಾರಾದರೂ ಫೋನ್ ಮಾಡಿಯೇ ಮಾಡುತ್ತೀರಿ. ‘ಮೊದಲೇ ನಮ್ಮ ಮೇಲೆ ಎಲ್ಲರ ಕಣ್ಣು. ನೀನೇ ಹೀಗೆ ಬೀದಿಗೆ ತಂದರೆ ಹೇಗೆ? ಒಳಗೆ ಮಾತಾಡಿ ಸರಿಮಾಡೋಣ’ ಅನ್ನುತ್ತೀರಿ. ಆ ಭಯ ಸುಳ್ಳಲ್ಲ. 2022ರಲ್ಲಿ ಮತಾಂತರ ತಡೆ ಕಾನೂನು ಬಂದಾಗ ನಮ್ಮ ಎಷ್ಟೋ ಪ್ರಾರ್ಥನೆ ಕೂಟಗಳು ಬಾಗಿಲು ಹಾಕಿಕೊಂಡು ನಡೆದವು. ಆದರೆ ಆಗ ನಾವು ಹೇಳುತ್ತಿದ್ದದ್ದೇನು? ನಾವು ಯಾರನ್ನೂ ಎಳೆದು ತರುವುದಿಲ್ಲ, ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ, ಬರುವವರು ತಾವಾಗಿ ಬರುತ್ತಾರೆ ಅಂತ. ಇವತ್ತು ಒಬ್ಬರು ತಾವಾಗಿಯೇ ಬಂದಿದ್ದರು. ಯಾರೂ ಕರೆದಿರಲಿಲ್ಲ, ಅಕ್ಕಿ ಕೊಟ್ಟಿರಲಿಲ್ಲ, ಆಸೆ ತೋರಿಸಿರಲಿಲ್ಲ. ದುಡಿದು ದಣಿದು, ಮುಖ ತೊಳೆದುಕೊಂಡು, ಸ್ವಾಮಿ ಸತ್ತ ದಿನ ಸ್ವಲ್ಪ ಹೊತ್ತು ಕೂರೋಣ ಅಂತ ಬಂದಿದ್ದರು.

ರಕ್ಷಣೆಯನ್ನು ನೀಡುವುದು ಅಂದರೆ ಕೈ ಚಾಚಿ ನಿಲ್ಲುವುದು. ಕೈ ತಿರುಚುವುದಲ್ಲ. ಅದನ್ನು ತೆಗೆದುಕೊಳ್ಳುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು, ಬೇಡ ಅನ್ನುವವರು ನನ್ನ ಗೆಳೆಯರಾಗಿಯೇ ಇರುತ್ತಾರೆ, ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಂಥವರೇ. ಆದರೆ ಬೇಕು ಅಂತ ಬಂದವರ ಎದುರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಹಕ್ಕು ನಮಗೆ ಯಾರು ಕೊಟ್ಟರು? ಅದು ನಮ್ಮದಲ್ಲ. ನಾವು ಹಂಚುವವರು ಮಾತ್ರ, ನಮಗೂ ಪುಕ್ಕಟೆಯಾಗಿ ಸಿಕ್ಕಿದ್ದು.

ಪುಕ್ಕಟೆಯಾಗಿ ಸಿಕ್ಕಿದ್ದು ಅಂದೆ. ಅದಕ್ಕೊಂದು ಕಥೆ ಇದೆ, ಇಲ್ಲಿ ಯಾವತ್ತೂ ಬರೆದಿಲ್ಲ.

ನಮ್ಮದು ಗದಗ ಕಡೆಯ ಮನೆತನ, ಬಾಸೆಲ್ ಮಿಶನ್ ಕಾಲದ ಕ್ರೈಸ್ತರು ಅಂತ ನಿಮಗೆಲ್ಲ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ. ಮನೆಯಲ್ಲಿ ಹಿರಿಯರು ಹೇಳುತ್ತಿದ್ದದ್ದು ಇಷ್ಟೇ: ನಾವು ನೇಕಾರರು, ಮಿಶನ್ನಿನವರ ಹತ್ತಿರ ಕೆಲಸಕ್ಕೆ ಸೇರಿ ಕ್ರೈಸ್ತರಾದೆವು. ಅದು ಅರ್ಧ ಸತ್ಯ. ನಮ್ಮ ಆಯಿ ತೀರಿಕೊಳ್ಳುವ ಮುಂಚೆ ನನ್ನನ್ನು ಹತ್ತಿರ ಕರೆದು ಉಳಿದರ್ಧ ಹೇಳಿದಳು. ಅವಳ ಅಜ್ಜಿ ಹೊಲಗೇರಿಯವಳು. ಊರ ಬಾವಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ, ಯಾರಾದರೂ ಮೇಲಿನಿಂದ ಸುರಿದರೆ ಕೊಡ ತುಂಬಿತು, ಇಲ್ಲದಿದ್ದರೆ ಇಲ್ಲ. ಆಕೆ ಮೊದಲ ಸಲ ಆರಾಧನೆಗೆ ಹೋದಾಗ ಹೊರಗೆ ಕಿಟಕಿಯ ಕೆಳಗೆ ಕೂತಿದ್ದಳಂತೆ. ಒಳಗಿನಿಂದ ಒಬ್ಬಾಕೆ ಬಂದು ಕೈ ಹಿಡಿದು ಕರೆದುಕೊಂಡು ಹೋಗಿ ತನ್ನ ಪಕ್ಕ ಚಾಪೆಯ ಮೇಲೆ ಕೂರಿಸಿಕೊಂಡಳಂತೆ. ‘ಅಕಿ ಕೈ ಹಿಡದದ್ದಕ್ಕ ನಾವು ಇಲ್ಲಿ ಅದೀವಿ ನೋಡವಾ. ಪ್ರಸಂಗ ಅಕಿಗೆ ಏನೂ ತಿಳಿದಿದ್ದಿಲ್ಲ’ ಅಂದಳು ನಮ್ಮ ಆಯಿ.

ಮನೆಯವರು ಇದನ್ನು ಯಾಕೆ ಮುಚ್ಚಿಟ್ಟರು ಅಂದರೆ ಮದುವೆಗಳಿಗಾಗಿ. ಹೌದು, ಕ್ರೈಸ್ತರ ಮದುವೆಗಳಿಗಾಗಿ. ಮ್ಯಾಟ್ರಿಮೊನಿ ಜಾಹೀರಾತು ನೋಡಿ, ಕ್ರಿಶ್ಚಿಯನ್ ಅಂತ ಬರೆದು ಪಕ್ಕದಲ್ಲೇ ಮೂಲ ಜಾತಿ ಹಾಕಿರುತ್ತಾರೆ. ಇವತ್ತು ನಾನು ಹೆಸರು ಹಾಕಿಕೊಂಡೇ ಬರೆಯುತ್ತಿದ್ದೇನೆ. ನಾನು ಹೊಲಗೇರಿಯ ಆ ಹೆಣ್ಣುಮಗಳ ಸಂತಾನ. ನೆಂಟರಲ್ಲಿ ಯಾರಿಗಾದರೂ ಬೇಜಾರಾದರೆ ಆಗಲಿ. ನಮ್ಮ ಸಭೆಯ ಹಳೇ ಕುಟುಂಬಗಳಲ್ಲಿ ಇಂಥ ಅಜ್ಜಿ ಇಲ್ಲದ ಮನೆ ಎಷ್ಟಿವೆ? ಎದೆ ಮುಟ್ಟಿಕೊಂಡು ಹೇಳಿ.

ಬಾಸೆಲಿನವರು ಎಲ್ಲದರಲ್ಲೂ ಸರಿ ಇದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಸಭೆಯೊಳಗೆ ಜಾತಿ ಇರಕೂಡದು ಅನ್ನುವ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರು. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತೆಗೆದುಕೊಂಡರು. ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಬಂದರು. ಮುಂದಿನ ದಶಕದಲ್ಲಿ ಅದೇ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕೊಡಗಿನಲ್ಲಿ ಹೊಲೆಯ ಕೂಲಿಯಾಳುಗಳಿಗಾಗಿ ಆನಂದಪುರ ಅನ್ನುವ ಊರು ಕಟ್ಟಿದರು. ಕೌಂಡಿನ್ಯರ ಕೊನೆಗಾಲ ಕಳೆದದ್ದೂ ಕೊಡಗಿನಲ್ಲೇ. ಕೌಂಡಿನ್ಯರಿಗೂ ಆ ಕೂಲಿಯಾಳುಗಳಿಗೂ ಸಿಕ್ಕಿದ್ದು ಒಂದೇ ಸುವಾರ್ತೆ, ಒಂದೇ ರೊಟ್ಟಿ, ಒಂದೇ ಪಾತ್ರೆ. ಬ್ರಾಹ್ಮಣನ ಮಗನಿಗೆ ಒಂದು ತಾಸು ಮೊದಲು, ಕೂಲಿಯವನಿಗೆ ಆಮೇಲೆ ಅಂತ ಇರಲಿಲ್ಲ. ಇದು ನಮ್ಮ ಸಭೆಗಳ ನಿಜವಾದ ಆಸ್ತಿ. ಹಳೇ ಕಟ್ಟಡದ ಹೆಂಚು, ಗಂಟೆಗೋಪುರ ಎಲ್ಲ ಆಮೇಲಿನ ಮಾತು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. 1956ರಲ್ಲಿ ಸಿಖ್ ದಲಿತರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ನಮ್ಮವರನ್ನು ಇಲ್ಲ. ಇದು ಅನ್ಯಾಯ ಅಂತ ನಾವು ಪ್ರತಿ ವರ್ಷ ಆಗಸ್ಟ್ 10ರಂದು ಕಪ್ಪು ಪಟ್ಟಿ ಕಟ್ಟಿಕೊಳ್ಳುತ್ತೇವೆ. ನಾನೂ ಕಟ್ಟಿಕೊಂಡಿದ್ದೇನೆ, ಈ ಸಲವೂ ಕಟ್ಟಿಕೊಳ್ಳುತ್ತೇನೆ. ಸರ್ಕಾರ ಕೊಡಬೇಕಾದ್ದನ್ನು ಸರ್ಕಾರ ಕೊಡಲಿ. ಬೆಂಚಿನ ಮೇಲಿನ ಜಾಗ ಕೊಡಲು ದೆಹಲಿಯ ಅಪ್ಪಣೆ ಬೇಕಾಗಿಲ್ಲ. ಅದು ನಮ್ಮ ಕೈಯಲ್ಲೇ ಇದೆ.

ಆರಾಧನೆ ಆದ ಮೇಲೆ ಹಿಂದಿನ ಹಾಲಿನಲ್ಲಿ ಗಂಜಿ, ಚಟ್ನಿ ಇತ್ತು. ಬನ್ನಿ ಅಕ್ಕಾ, ಒಂದು ಲೋಟ ಕುಡಿದು ಹೋಗಿ ಅಂತ ಅವರನ್ನು ಕರೆದೆ. ‘ಬೇಡಮ್ಮಾ, ಮಗಳು ಕಾಯ್ತಿರ್ತಾಳೆ’ ಅಂದರು. ಭಾನುವಾರ ಬರ್ತೀರಾ ಅಂತ ಕೇಳಿದೆ. ‘ನೋಡ್ತೀನಿ, ನಿಮ್ಮೋರಿಗೆ ತೊಂದ್ರೆ ಆಗ್ಬಾರ್ದು’ ಅಂದರು.

ಪ್ಯಾಸ್ಟೊರೇಟ್ ಕಮಿಟಿಗೆ ಪತ್ರ ಬರೆದಿಟ್ಟಿದ್ದೇನೆ. ಕೇಳಿರುವುದು ಎರಡೇ. ವಯಸ್ಸಾದವರು, ಕಾಯಿಲೆಯವರು, ಎಳೆಮಕ್ಕಳ ತಾಯಂದಿರು ಇವರನ್ನು ಬಿಟ್ಟು ಯಾರ ಹೆಸರಲ್ಲೂ ಬೆಂಚು ಹಿಡಿಯಬಾರದು. ಇವತ್ತು ಎಬ್ಬಿಸಿದವರು ಸಭಾಪಾಲಕರ ಜೊತೆ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ. ನಮ್ಮ ಸಭೆಯವರು ಯಾರಾದರೂ ಸಹಿ ಹಾಕುವುದಾದರೆ ನಾಳೆ ಸಂಜೆಯೊಳಗೆ ಮನೆಗೆ ಬನ್ನಿ, ಇಲ್ಲವೇ ಇನ್‌ಬಾಕ್ಸಿಗೆ ಬನ್ನಿ. ಈಸ್ಟರ್ ಆರಾಧನೆ ಬೆಳಿಗ್ಗೆ ಐದಕ್ಕೆ. ಅದಕ್ಕೆ ಮೊದಲೇ ಪತ್ರ ಸಭಾಪಾಲಕ ಅಯ್ಯನವರ ಕೈ ಸೇರಬೇಕು.